ಕೊನೆಗೆ ಹೋಗುವವರು ಆರಿಸುವ ಸ್ವಿಚ್ಚು

ಬಾಗಿಲು ಮುಂದೆ ಮಾಡಿ. ಪೂರ್ತಿ ಹಾಕಬೇಡಿ... ಒಂದು ಗೇಣು ಬಿಡಿ. ಹಾಂ, ಸಾಕು.

ನನ್ನ ಬಾಯಿಂದ ಬರುವ ಹತ್ತು ಮಾತಲ್ಲಿ ಒಂಬತ್ತು ಬುರುಡೆ ಅಂತ ನೀವೆಲ್ಲ ಬೆನ್ನ ಹಿಂದೆ ಆಡಿಕೊಳ್ಳೋದು ನನಗೆ ಗೊತ್ತು. ತಪ್ಪೇನಿಲ್ಲ. ಇದು ಆ ಹತ್ತನೆಯದು.

ಆದದ್ದು ನನ್ನ ಚಿಕ್ಕಪ್ಪನ ಮಗನಿಗೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವನದು. ಕೇರಂ ಬೋರ್ಡಿನ ಮೇಲೆ ಅವನ ಬೆರಳಾಡುವುದನ್ನು ಕಂಡ ಯಾರೋ ಅವನಿಗೆ ಸ್ಟ್ರೈಕರ್ ಅಂತ ಹೆಸರಿಟ್ಟರು. ಈಗ ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಆ ರಾತ್ರಿ ಸ್ಟ್ರೈಕರ್ ಬೀದಿ ಮೂಲೆಯ ಬಾವಿ ಹತ್ತಿರ ಬಂದಾಗ ಹನ್ನೆರಡೂವರೆಗೆ ಇನ್ನೂ ಐದು ನಿಮಿಷ ಇತ್ತು.

ಆ ಬಾವಿಯಿಂದ ಈಗ ಯಾರೂ ನೀರು ಸೇದುವುದಿಲ್ಲ. ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಪಕ್ಕದಲ್ಲೊಂದು ಕಂಬ. ಫೋನಿನ ತಂತಿ, ಇಂಟರ್ನೆಟ್ಟಿನ ತಂತಿ ಎಲ್ಲ ಆ ಕಂಬಕ್ಕೆ ಬಂದು, ಬಾವಿಯ ನೆತ್ತಿಯ ಮೇಲೆ ಹಾದು, ಅಲ್ಲಿಂದ ಮನೆಮನೆಗೆ ಕವಲೊಡೆಯುತ್ತವೆ. ಹಗಲು ನೋಡಿದರೆ ಏನೂ ಅನ್ನಿಸುವುದಿಲ್ಲ. ರಾತ್ರಿ ಮಾತ್ರ, ಬಾವಿಯೊಳಗಿಂದಲೇ ತಂತಿಗಳು ಎದ್ದು ಬಂದ ಹಾಗೆ ಕಾಣುತ್ತದೆ.

ಗಾಳಿ ಇರಲಿಲ್ಲ. ನಾಯಿ ಬೊಗಳುತ್ತಿರಲಿಲ್ಲ. ಅವನ ಚಪ್ಪಲಿಯ ಸದ್ದೊಂದೇ... ಪಟ್, ಪಟ್, ಪಟ್.

ಚರ್ರ್ರ್...

ನಿಂತ. ಸದ್ದೂ ನಿಂತಿತು.

ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಗೊತ್ತಾಗಲಿಲ್ಲ. ಅಂಟಿಕೊಂಡಿದ್ದನ್ನು ಯಾರೋ ನಿಧಾನವಾಗಿ ಎಳೆದು ಬಿಡಿಸಿದ ಸದ್ದು. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಸಣ್ಣದಾಗಿ... ಕಟ್.

"ಯಾರು?" ಅಂದ. ಗಂಟಲಲ್ಲೇ ಅಂದ.

"...ರು?" ಅಂತ ಬಾವಿ ಕೇಳಿತು.

ಬೇರೆ ದಿನವಾಗಿದ್ದರೆ ಕಂಬದ ಕಡೆ ತಲೆ ಎತ್ತಿ ನೋಡುತ್ತಿದ್ದನೇನೋ. ಆವತ್ತು ಕಳ್ಳನ ಮನಸ್ಸು ಹುಳ್ಳುಳ್ಳಗೆ. ತಲೆ ತಗ್ಗಿಸಿ ಮನೆ ಕಡೆ ಓಡಿದ.

ಕಳ್ಳತನ ಏನಪ್ಪಾ ಅಂದ್ರೆ... ಅದನ್ನು ಹೇಳಲೇಬೇಕು.

ಸ್ಟ್ರೈಕರ್ ಮನೆ ಅಳಿಯ. ಹೆಂಡತಿಯ ತವರುಮನೆಯಲ್ಲೇ ಸಂಸಾರ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ವಾರದಲ್ಲಿ ನಾಲ್ಕು ರಾತ್ರಿ ಡ್ಯೂಟಿ. ಅತ್ತೆಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ. ಎದ್ದು ಕೂರಲಾರರು, ತಾವಾಗಿ ಮಗ್ಗಲು ಬದಲಾಯಿಸಲಾರರು. ಕೆಮ್ಮು ಹತ್ತಿದರೆ ಯಾರಾದರೂ ಬೆನ್ನಿಗೆ ಕೈಕೊಟ್ಟು ಎತ್ತಬೇಕು. ಇಲ್ಲದಿದ್ದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅವರ ಕೋಣೆಯ ಗೋಡೆಗೆ ಹೆಂಡತಿ ಒಂದು ಸಣ್ಣ ಕ್ಯಾಮೆರಾ ಹಾಕಿಸಿದ್ದಳು. ವಾರ್ಡಿನಲ್ಲಿ ಎರಡು ನಿಮಿಷ ಬಿಡುವಾದರೆ ಸಾಕು, ಮೊಬೈಲಲ್ಲಿ ಅಮ್ಮನನ್ನು ನೋಡುವಳು.

ಒಂದು ಸಲ ಹಾಗೆ ನೋಡುವಾಗ ಅಮ್ಮ ಕೆಮ್ಮುತ್ತಿದ್ದರು. ಮುಕ್ಕಾಲು ಗಂಟೆ ಯಾರೂ ಬರಲಿಲ್ಲ. ಸ್ಟ್ರೈಕರ್ ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೇರಂ ಬೋರ್ಡಿನ ಕೆಂಪು ಕಾಯಿಯ ಬೆನ್ನು ಹತ್ತಿದ್ದ. ಅವಳೇ ಪಕ್ಕದ ಮನೆಯವರಿಗೆ ಫೋನ್ ಮಾಡಿ, ಹಿತ್ತಲ ಬಾಗಿಲು ಒಡೆಸಿ...

ಆವತ್ತು ಬೆಳಗ್ಗೆ ಅವಳು ಕೂಗಾಡಲಿಲ್ಲ. ಹೆಂಗಸರು ಕೂಗಾಡದಿದ್ದಾಗಲೇ ಹೆದರಬೇಕು. ಸಮಾಧಾನವಾಗಿ ಹೇಳಿದಳು, "ರೀ, ಇದು ಕೊನೇ ಸಲ. ಇನ್ನೊಂದು ಸಲ ಅಮ್ಮನ್ನ ಒಂಟಿ ಬಿಟ್ಟು ಹೋದದ್ದು ಗೊತ್ತಾದ್ರೆ, ನಾನು ಅಮ್ಮನ್ನ ಕರ್ಕೊಂಡು ಅಣ್ಣನ ಮನೆಗೆ ಹೋಗ್ತೀನಿ. ನೀವು ಕೇರಂ ಬೋರ್ಡ್ ಜೊತೆ ಸಂಸಾರ ಮಾಡ್ಕೊಂಡಿರಿ. ಪೌಡರ್ ಹಚ್ಚಿ ಮಲಗಿಸಿ."

ನಾಲ್ಕು ತಿಂಗಳು ಅವನು ಗೆರೆ ದಾಟಲಿಲ್ಲ. ಆಮೇಲೆ ದರ್ಜಿಯ ಅಂಗಡಿಯಲ್ಲಿ ಫೈನಲ್ ಬಂತು. ಎದುರಾಳಿ ಯಾರು ಅಂತ ಕೇಳಬೇಡಿ. ನಾನೇ. ಕರೆದವನೂ ನಾನೇ.

"ಕ್ಯಾಮೆರಾ ಇದೆಯಲ್ಲೋ," ಅಂದ ಅವನು.

"ಕ್ಯಾಮೆರಾಗೂ ನಿದ್ದೆ ಬರಲ್ವೇನೋ?" ಅಂದೆ ನಾನು. ಅಷ್ಟೇ ಅಂದದ್ದು. ಮಿಕ್ಕ ತಲೆ ಅವನದೇ.

ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿನ ಮಾತು ಕೇಳಿದ್ದೀರಿ. ಇವನು ತನ್ನ ಕಣ್ಣು ತೆರೆದಿಟ್ಟು ಮನೆಯ ಕಣ್ಣು ಮುಚ್ಚಿಸಲು ಹೊರಟ ಬೆಕ್ಕು. ಹಾಲ್‌ನ ಕಪಾಟಿನ ಮೇಲೆ ರೌಟರ್ ಇತ್ತಲ್ಲ, ಆ ವೈಫೈ ಡಬ್ಬಿ... ಅದಕ್ಕೆ ಕಂಪನಿಯವರು ಹೊಸ ಫರ್ಮ್‌ವೇರ್ ಬಿಟ್ಟಿದ್ದರು. ಫರ್ಮ್‌ವೇರ್ ಅಂದರೆ ಡಬ್ಬಿಯ ಒಳಗಿನ ಬುದ್ಧಿ. ಹಳೆಯ ಬುದ್ಧಿ ಅಳಿಸಿ ಹೊಸದನ್ನು ಬರೆಯುವಾಗ ಡಬ್ಬಿ ಮಂಕಾಗುತ್ತದೆ. ಡಬ್ಬಿ ಮಂಕಾದರೆ ಕ್ಯಾಮೆರಾವೂ ಕುರುಡು. ಆ ಹೊತ್ತಿನಲ್ಲಿ ಕರೆಂಟ್ ಮಾತ್ರ ಹೋಗಬಾರದು. ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ, ಡಬ್ಬಿ ಇಟ್ಟಿಗೆ.

ರಾತ್ರಿ ಹತ್ತಕ್ಕೆ ಹೆಂಡತಿಗೆ ಫೋನ್ ಮಾಡಿದ.

"ಏನಿಲ್ಲ ಕಣೇ, ರೌಟರ್‌ಗೆ ಅಪ್‌ಡೇಟ್ ಹಾಕಬೇಕಂತೆ. ಹಾಕದಿದ್ರೆ ಡಬ್ಬಿಗೆ ವೈರಸ್ ಬರತ್ತಂತೆ. ಸ್ವಲ್ಪ ಹೊತ್ತು ಕ್ಯಾಮೆರಾ ಇರಲ್ಲ. ಗಾಬರಿ ಆಗ್ಬೇಡ."

"ಎಷ್ಟು ಹೊತ್ತು?"

"ಅರ್ಧ ಗಂಟೆ."

"ಸರಿಯಾಗಿ ಅರ್ಧ ಗಂಟೆ. ಮೂವತ್ತೊಂದನೇ ನಿಮಿಷಕ್ಕೆ ನಾನು ಆಟೋ ಹತ್ತಿರ್ತೀನಿ."

ಅತ್ತೆಯನ್ನು ಬಲಮಗ್ಗಲಿಗೆ ಮಲಗಿಸಿದ. ಎರಡು ಗುಟುಕು ನೀರು ಕುಡಿಸಿದ. ಲ್ಯಾಪ್‌ಟಾಪಿನಲ್ಲಿ ಗುಂಡಿ ಒತ್ತಿದ. ನಾಲ್ಕು ಪರ್ಸೆಂಟ್... ಒಂಬತ್ತು... ಫೋನ್ ಸೈಲೆಂಟ್ ಮಾಡಿ, ಬೆಕ್ಕಿನ ಹೆಜ್ಜೆಯಲ್ಲಿ ಹೊರಬಿದ್ದ. ಅರ್ಧ ಗಂಟೆಯಲ್ಲಿ ಗೆದ್ದು ವಾಪಸ್ ಬರುತ್ತೇನೆ ಅಂತ ಅವನ ಎಣಿಕೆ. ನನ್ನ ಎದುರು ಅರ್ಧ ಗಂಟೆಯಲ್ಲಿ ಗೆಲ್ಲುವುದು!

ಹನ್ನೆರಡೂಕಾಲಾಯಿತು. ಸೋತ. ಅದು ಬಿಡಿ.

ಈಗ ಮನೆ.

ಬಾಗಿಲು ತೆರೆಯುವ ಮುಂಚೆ ಮೊಬೈಲ್ ನೋಡಿದ. ಹೆಂಡತಿಯ ಮಿಸ್ಡ್ ಕಾಲ್ ಹದಿನೈದಾದರೂ ಇರಬೇಕು. ಇರಲಿಲ್ಲ. ಒಂದೂ ಇರಲಿಲ್ಲ. ಮೆಸೇಜೂ ಇಲ್ಲ. ವಾರ್ಡಿನಲ್ಲಿ ಏನೋ ತುರ್ತು ಕೇಸು ಬಂದಿರಬೇಕು, ನೋಡಲು ಪುರಸೊತ್ತಾಗಿಲ್ಲ, ಬದುಕಿದೆಯಾ ಬಡಜೀವವೇ ಅಂದುಕೊಂಡ.

ಕೀಲಿ ತಿರುಗಿಸಿದ. ಕಿರ್ರ್... ಒಳಗೆ ಬಂದ. ದೀಪ ಹಾಕಲಿಲ್ಲ. ಮೊದಲು ಅತ್ತೆಯ ಕೋಣೆಗೆ ಹೋದ.

ಮಂದ ಬೆಳಕಿನಲ್ಲಿ ಅತ್ತೆ ಮಲಗಿದ್ದರು. ಕಣ್ಣು ತೆರೆದೇ ಇತ್ತು. ಉಸಿರು ಹಗುರಾಗಿ ಆಡುತ್ತಿತ್ತು. ಅವನ ಎದೆಯಿಂದ ಒಂದು ಕಲ್ಲು ಇಳಿಯಿತು... ಇಳಿದದ್ದು ಅರ್ಧಕ್ಕೇ ನಿಂತಿತು.

ಅತ್ತೆ ಎಡಮಗ್ಗಲಿಗೆ ಮಲಗಿದ್ದರು.

ಬೆನ್ನಿಗೆ ದಿಂಬು ಒತ್ತುಕೊಟ್ಟಿತ್ತು. ಹೊದಿಕೆ ಪಾದದ ತನಕ ನೇರವಾಗಿತ್ತು.

"ಅತ್ತೆ..." ಪಿಸುಗುಟ್ಟಿದ. "ಯಾರು ಬಂದಿದ್ರು?"

ಅತ್ತೆಗೆ ಮಾತು ಪೂರ್ತಿ ಬರುವುದಿಲ್ಲ. ಒಂದೊಂದೇ ಪದ, ಬಾಯಲ್ಲಿ ಹತ್ತಿ ತುಂಬಿಕೊಂಡ ಹಾಗೆ. ಅವನನ್ನು ನೋಡಲಿಲ್ಲ. ಬಾಗಿಲ ಕಡೆ ನೋಡುತ್ತಾ ಕೇಳಿದರು, "ಲೈನ್... ಬಂತಾ?"

"ಇಲ್ಲ ಅತ್ತೆ. ಈಗ ನೋಡ್ತೀನಿ."

"ಬರತ್ತೆ," ಅಂದರು. ಕಣ್ಣು ಮುಚ್ಚಿದರು.

ಹಾಲ್‌ಗೆ ಬಂದ. ಡಬ್ಬಿಯ ಮೇಲೆ ಇರಬೇಕಾದ ನಾಲ್ಕು ಹಸಿರು ದೀಪ ಇರಲಿಲ್ಲ. ಒಂದೇ ಒಂದು ಕೆಂಪು ದೀಪ. ಮಿನುಗುತ್ತಲೂ ಇಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಇಪ್ಪತ್ತಮೂರು ಪರ್ಸೆಂಟಿಗೆ ಗೆರೆ ನಿಂತಿತ್ತು. ಕೆಳಗೆ ಬರೆದಿತ್ತು: ಸಂಪರ್ಕ ಕಡಿದಿದೆ.

ಇಟ್ಟಿಗೆ.

ಹೆಂಡತಿ ಒಂದೂಕಾಲಿಗೆ ಟೀ ಕುಡಿಯಲು ಕೂರುತ್ತಾಳೆ. ಆಗ ಮೊಬೈಲ್ ತೆಗೆಯುತ್ತಾಳೆ. ಅಷ್ಟರಲ್ಲಿ ಕ್ಯಾಮೆರಾ ಬರದಿದ್ದರೆ... ಅಣ್ಣನ ಮನೆ, ಪೌಡರ್, ಎಲ್ಲ ಕಣ್ಣ ಮುಂದೆ ಬಂತು.

ಸತ್ತ ರೌಟರನ್ನು ಬದುಕಿಸುವ ವಿಧಾನ ಉಂಟು. ಮೊಬೈಲಿನ ಬೆಳಕಿನಲ್ಲಿ ಹುಡುಕಿ ಓದಿದ. ಡಬ್ಬಿಯ ದೊಡ್ಡ ಬುದ್ಧಿ ಅಳಿದಿದ್ದರೂ ಹುಟ್ಟುಬುದ್ಧಿ ಅಂತ ಒಂದು ಚೂರು ಒಳಗೆ ಉಳಿದಿರುತ್ತದೆ. ಅದನ್ನು ಎಬ್ಬಿಸಬೇಕು. ಡಬ್ಬಿಗೂ ಲ್ಯಾಪ್‌ಟಾಪಿಗೂ ನೇರ ಕೇಬಲ್ ಹಾಕಬೇಕು. ಪ್ಲಗ್ ಕಿತ್ತು, ರೀಸೆಟ್ ತೂತಿಗೆ ಸೂಜಿ ಚುಚ್ಚಿ ಹಿಡಿದು, ಹಿಡಿದ ಹಾಗೇ ಪ್ಲಗ್ ಹಾಕಿ, ಹತ್ತು ಎಣಿಸಬೇಕು. ಕೆಂಪು ದೀಪ ನಿಧಾನವಾಗಿ ಮಿನುಗಲು ಶುರುಮಾಡಿದರೆ ಡಬ್ಬಿ ಕಿವಿ ತೆರೆದಿದೆ ಅಂತ ಅರ್ಥ. ಅದು ತೆರೆದಿರುವುದು ಮೂರೇ ಮೂರು ಸೆಕೆಂಡು. ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಎಂಟರ್ ಕೀಲಿ ಒತ್ತಿ ಫೈಲು ಕಳಿಸಬೇಕು. ತಡವಾದರೆ ಮತ್ತೆ ಮೊದಲಿಂದ.

ಡಬ್ಬಿಯನ್ನು ತಿರುಗಿಸಿ ಹೊಟ್ಟೆಯ ಮೇಲಿನ ನಂಬರ್ ಓದಿಕೊಂಡ. ಅದಕ್ಕೆ ಸರಿಯಾದ ಹಳೆಯ ಫೈಲನ್ನು ಮೊಬೈಲಿಗೆ ಇಳಿಸಿ, ಲ್ಯಾಪ್‌ಟಾಪಿಗೆ ದಾಟಿಸಿದ. ಎಂಟು ನಿಮಿಷ ಹೋಯಿತು.

ಕೇಬಲ್ ಗಿಡ್ಡ. ಲ್ಯಾಪ್‌ಟಾಪ್ ಇಡಲು ಮರದ ಸ್ಟೂಲು ಬೇಕು. ಅದು ಯಾವತ್ತೂ ಹಾಲ್‌ನಲ್ಲಿ, ಚಪ್ಪಲಿ ಗೂಡಿನ ಪಕ್ಕ ಇರುತ್ತದೆ. ಇರಲಿಲ್ಲ. ಹುಡುಕಿದ. ಸ್ಟೂಲು ಅತ್ತೆಯ ಕೋಣೆಯಲ್ಲಿತ್ತು. ಮಂಚದ ತಲೆಭಾಗದಲ್ಲಿ, ಗೋಡೆಯ ಕ್ಯಾಮೆರಾಗೆ ಬೆನ್ನು ಮಾಡಿ ಕೂರುವ ಹಾಗೆ.

ಎತ್ತಿಕೊಂಡ. ಮೇಲಿನ ಹಲಗೆ ಬೆಚ್ಚಗಿತ್ತು.

ಪ್ರಶ್ನೆ ಕೇಳುವ ಹೊತ್ತಲ್ಲ ಅಂತ ತನಗೆ ತಾನೇ ಹೇಳಿಕೊಂಡು ಹಾಲ್‌ಗೆ ತಂದಿಟ್ಟ. ಆದರೆ ಮನಸ್ಸು ಕೇಳುತ್ತದೆಯೇ? ಸುಮ್ಮನಿರಲಾರದೆ ಇನ್ನೊಂದು ಪ್ರಶ್ನೆ ಎತ್ತಿತು. ಅಲ್ಲಾ... ಅಪ್‌ಡೇಟ್ ಕೆಟ್ಟದ್ದು ಯಾಕೆ?

ಕರೆಂಟ್ ಹೋಗಿತ್ತೇ? ಅತ್ತೆಯ ಕೋಣೆಯ ಗಡಿಯಾರ ಕರೆಂಟಿನದು, ಕರೆಂಟ್ ಹೋಗಿ ಬಂದರೆ ಸೊನ್ನೆಯಿಂದ ಶುರುವಾಗುತ್ತದೆ. ಅದು ಸರಿಯಾದ ಹೊತ್ತೇ ತೋರಿಸುತ್ತಿತ್ತು. ಹಾಗಾದರೆ ಹಾಲ್‌ಗೆ ಮಾತ್ರ...

ಅವನು ತನ್ನ ಬಲಗೈ ನೋಡಿಕೊಂಡ.

ಆ ಮನೆಗೆ ವೈರಿಂಗ್ ಮಾಡಿದ್ದು ಅವನ ಮಾವ. ಟೆಲಿಫೋನ್ ಲೈನ್‌ಮನ್ ಆಗಿದ್ದವರು. ತೀರಿಕೊಂಡು ಮೂರು ವರ್ಷ. ಬಾವಿ ಪಕ್ಕದ ಕಂಬ ಅವರದು ಅಂತಲೇ ಬೀದಿಯವರು ಹೇಳುತ್ತಿದ್ದರು. ಇಪ್ಪತ್ತೆಂಟು ವರ್ಷ ಅದನ್ನು ಹತ್ತಿ ಇಳಿದವರು. ಹಾಲ್‌ನ ಪ್ಲಗ್ ಪಾಯಿಂಟುಗಳನ್ನೆಲ್ಲ ಒಂದೇ ಸ್ವಿಚ್ಚಿಗೆ ಕಟ್ಟಿ, ಅದನ್ನು ಮುಂಬಾಗಿಲ ಪಕ್ಕ ಕೂರಿಸಿದ್ದರು. ಮೇಲೆ ಬಿಳಿ ಬಣ್ಣದಲ್ಲಿ ತಾವೇ ಬರೆದಿದ್ದರು: ಕೊನೆಗೆ ಹೋಗುವವರು ಆರಿಸಿ. ಮದುವೆಯಾಗಿ ಬಂದ ಹೊಸತರಲ್ಲಿ ಸ್ಟ್ರೈಕರ್ ಎರಡು ಸಲ ಮರೆತು, ಎರಡು ಸಲವೂ ಅರ್ಧ ದಾರಿಯಿಂದ ವಾಪಸ್ ಕರೆಸಿಕೊಂಡಿದ್ದ. "ಅಳಿಯಂದ್ರೇ, ಮರೆವು ತಲೆಗಿರಬಹುದು, ಕೈಗಿರಬಾರದು," ಅಂದಿದ್ದರು ಮಾವ. ಅಂದಿನಿಂದ ಕೈ ಕಲಿತಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಹೊಸ್ತಿಲು ದಾಟಿದರೆ ಕೈ ತಾನಾಗಿ ಗೋಡೆಗೆ ಹೋಗಿ, ಟಕ್.

ಹತ್ತು ಗಂಟೆಗೂ ಹೋಗಿತ್ತು. ಈಗ ನೆನಪಾಯಿತು. ಆ ಸದ್ದು ಕೂಡ ನೆನಪಾಯಿತು.

ಒಳಗೆ ಅತ್ತೆ ಇದ್ದರು. ಬಲಮಗ್ಗಲಿಗೆ ಮಲಗಿ, ಕಣ್ಣು ಬಿಟ್ಟುಕೊಂಡು. ಅವನ ಕೈ ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲ ಅಂತ ಕೈ ತೀರ್ಮಾನ ಮಾಡಿತ್ತು.

ಆ ಯೋಚನೆಗೇ ಅವನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು.

ಆರಿಸಿದ್ದು ತಾನು. ಡಬ್ಬಿಯಲ್ಲಿ ಕೆಂಪು ದೀಪ ಉರಿಯುತ್ತಿದೆಯಲ್ಲ... ಹಾಕಿದ್ದು ಯಾರು?

ಹಾಲ್‌ನ ಆ ಕೊನೆಗೆ ತಿರುಗಿದ. ಕತ್ತಲಲ್ಲಿ ಸ್ವಿಚ್ಚಿನ ಪಕ್ಕದ ಪುಟ್ಟ ಸೂಚನಾ ದೀಪ ಹೊತ್ತಿತ್ತು. ಹತ್ತಿರ ಹೋಗಲಿಲ್ಲ. ನೀವಾಗಿದ್ದರೆ ಹೋಗುತ್ತಿದ್ದಿರಾ? ಸುಮ್ಮನೆ ಕೂತು ಕೇಳಿ.

ಹನ್ನೆರಡು ಐವತ್ತು.

ನೆಲದ ಮೇಲೆ ಮಂಡಿಯೂರಿದ. ಪ್ಲಗ್ ಕಿತ್ತ. ಕೆಂಪು ದೀಪ ಆರಿತು. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಪ್ಲಗ್. ಲ್ಯಾಪ್‌ಟಾಪಿಗೆ ಒಂದು ಕೆಲಸ ಕೊಟ್ಟಿದ್ದ: ಸೆಕೆಂಡಿಗೊಮ್ಮೆ ಡಬ್ಬಿಯನ್ನು ಕರೆಯುತ್ತಿರು, ಓಗೊಟ್ಟರೆ ತೋರಿಸು. ಪರದೆಯ ಮೇಲೆ ಸಾಲಿನ ಕೆಳಗೆ ಸಾಲು ಇಳಿಯುತ್ತಿತ್ತು.

ಉತ್ತರವಿಲ್ಲ. ಉತ್ತರವಿಲ್ಲ. ಉತ್ತರವಿಲ್ಲ.

ಸೂಜಿ ಒತ್ತಿದ. ಪ್ಲಗ್ ಹಾಕಿದ. ಹತ್ತು ಎಣಿಸಿದ. ಮಿನುಗಿತು! ಪ್ಲಗ್ ಬಿಟ್ಟು ಎಂಟರ್ ಕೀಲಿಗೆ ಕೈ ಚಾಚಿದ... ಅಷ್ಟರಲ್ಲಿ ದೀಪ ಮತ್ತೆ ಬಿಗಿಯಾಗಿ ನಿಂತುಬಿಟ್ಟಿತು. ತಡವಾಯಿತು.

ಎರಡನೇ ಸಲ. ಮೊಣಕೈಯಿಂದ ಕೀಲಿ ಒತ್ತಲು ಹೋದ. ಸೂಜಿ ಜಾರಿ ಕಪಾಟಿನ ಕೆಳಗೆ ಬಿತ್ತು. ಟಿಣ್. ಬೆರಳಾಡಿಸಿ ಹುಡುಕುವುದರಲ್ಲಿ ಮೂರು ನಿಮಿಷ ಕಳೆಯಿತು. ಕಣ್ಣಲ್ಲಿ ನೀರು ಬಂತು. ಇದು ಎರಡು ಕೈಯವನ ಕೆಲಸವಲ್ಲ. ಸೂಜಿಗೊಂದು, ಪ್ಲಗ್ಗಿಗೊಂದು, ಕೀಲಿಗೊಂದು. ಮೂರು ಕೈ ಬೇಕು.

"ಅಯ್ಯೋ ದೇವ್ರೇ," ಅಂದ, ಉಸಿರಲ್ಲೇ. "ಇನ್ನೊಂದು ಕೈ ಇದ್ದಿದ್ರೆ..."

ಹಾಗೆಲ್ಲ ರಾತ್ರಿ ಹೊತ್ತು ಬಾಯಿಬಿಟ್ಟು ಕೇಳಬಾರದು ನೋಡಿ.

ಮೂರನೇ ಸಲಕ್ಕೆ ಸೂಜಿ ಒತ್ತಿ ಹಿಡಿದ. ಪ್ಲಗ್ ಇನ್ನೂ ಬಲಗೈಯಲ್ಲೇ ಇತ್ತು. ಗೋಡೆಗೆ ಹಾಕಿರಲಿಲ್ಲ. ಇದನ್ನು ಅವನು ನನಗೆ ಏಳು ಸಲ ಹೇಳಿದ್ದಾನೆ, ಏಳು ಸಲವೂ ಕೈ ಎತ್ತಿ ತೋರಿಸಿ ಹೇಳಿದ್ದಾನೆ: ಪ್ಲಗ್ ಕೈಯಲ್ಲಿತ್ತು.

ಪರದೆಯ ಮೇಲೆ...

ಉತ್ತರವಿಲ್ಲ. ಉತ್ತರವಿಲ್ಲ. ಉತ್ತರ ಬಂತು.

ಉತ್ತರ ಬಂತು. ಉತ್ತರ ಬಂತು.

ಡಬ್ಬಿಯ ಕೆಂಪು ದೀಪ ನಿಧಾನವಾಗಿ ಮಿನುಗುತ್ತಿತ್ತು. ಒಂದು... ಬಿಡುವು... ಒಂದು... ಬಿಡುವು. ಯಾರೋ ಉಸಿರಾಡಿದ ಹಾಗೆ.

ಮಾವ ಹೇಳುತ್ತಿದ್ದ ಮಾತೊಂದಿತ್ತು. ಕರೆಂಟ್ ಹೋಗಿ ಬೀದಿಯೆಲ್ಲ ಕತ್ತಲಾದಾಗ ರಿಸೀವರ್ ಎತ್ತಿ ಮಗಳ ಕಿವಿಗೆ ಹಿಡಿದು ಹೇಳುತ್ತಿದ್ದರಂತೆ, "ಕೇಳಿಸ್ತಾ? ಮನೆಗೆ ಕರೆಂಟ್ ಇಲ್ಲದಿದ್ರೂ ಲೈನ್ ಸಾಯಲ್ಲ ಮಗಾ. ಅದರ ಜೀವ ತಂತಿಯಲ್ಲಿ ಬರತ್ತೆ." ಹಳೆಯ ಫೋನಿಗೆ ಅದು ನಿಜ. ವೈಫೈ ಡಬ್ಬಿಗೆ ಅದು ನಿಜವಲ್ಲ. ಯಾರನ್ನು ಬೇಕಾದರೂ ಕೇಳಿ.

ಸ್ಟ್ರೈಕರಿನ ಎರಡು ಕೈಯೂ ತುಂಬಿತ್ತು. ಅವನು ಅಲ್ಲಾಡಲಿಲ್ಲ. ಕಿವಿಯ ಪಕ್ಕದಲ್ಲಿ, ಸ್ಟೂಲಿನ ಮೇಲೆ...

ಟಕ್.

ಎಂಟರ್ ಕೀಲಿ ಕೆಳಗೆ ಹೋಗಿ ಮೇಲೆ ಬಂತು. ಪರದೆಯಲ್ಲಿ ಫೈಲು ಹರಿಯಲು ಶುರುವಾಯಿತು.

ಎಷ್ಟು ಹೊತ್ತು ಹಾಗೇ ಇದ್ದನೋ. ಎಚ್ಚರವಾದ ತಕ್ಷಣ ಪ್ಲಗ್ ಅನ್ನು ಗೋಡೆಗೆ ಒತ್ತಿದ. ಒತ್ತಿದ್ದರಿಂದ ದೀಪ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಇನ್ನು ಐದು ನಿಮಿಷ ಡಬ್ಬಿಯನ್ನು ಮುಟ್ಟಬಾರದು. ಗೋಡೆಗೆ ಒರಗಿ ಕೂತ. ಎದುರಿಗೆ ಡಬ್ಬಿಗೆ ಬಂದ ತಂತಿ. ಆ ತಂತಿಯ ಒಂದು ಕಡೆ ಹಳೆಯ ಗಂಟು, ಗಂಟಿಗೆ ಸುತ್ತಿದ ಕಪ್ಪು ಬಟ್ಟೆ ಟೇಪು. ಮಾವನ ಕೈಕೆಲಸ. ಅವರು ಕತ್ತರಿ ಹಿಡಿದವರಲ್ಲ. ಸುರುಳಿಯಿಂದ ಟೇಪನ್ನು ಚರ್ರ್ ಅಂತ ಎಳೆದು ಹಲ್ಲಲ್ಲಿ ಕಚ್ಚಿ ಹರಿಯುವುದು. ಮೇಲಿನ ಸಾಲಿನ ಮುಂದಿನ ಹಲ್ಲೊಂದು ಅವರಿಗೆ ಇರಲಿಲ್ಲ. ಹಾಗಾಗಿ ಅವರು ಹರಿದ ಟೇಪಿನ ಅಂಚಿನ ನಟ್ಟನಡುವೆ ಒಂದು ಚಿಕ್ಕ ನಾಲಗೆ ಉಳಿಯುತ್ತಿತ್ತು. ಆ ಬೀದಿಯ ಯಾವ ಹಳೆಯ ತಂತಿ ನೋಡಿದರೂ ಆ ನಾಲಗೆ ಇದೆ. ಈ ಗಂಟಿನ ಮೇಲೂ ಇತ್ತು.

ಅದನ್ನೇ ನೋಡುತ್ತಿದ್ದ.

ಮುಂಬಾಗಿಲ ಕಡೆಯಿಂದ...

ಚರ್ರ್ರ್...

ಒಂದು ಉಸಿರಿನಷ್ಟು ಬಿಡುವು.

ಕಟ್.

ಬಾವಿಯ ಹತ್ತಿರ ಕೇಳಿದ ಸದ್ದು ಯಾವುದೆಂದು ಈಗ ಗೊತ್ತಾಯಿತು. ಕಣ್ಣು ಮುಚ್ಚಿದ. ಗಟ್ಟಿಯಾಗಿ ಮುಚ್ಚಿದ. ಅತ್ತೆಯ ಕೋಣೆಯಿಂದ ಪಿಸುಮಾತು ಬಂತು, ಯಾರಿಗೋ ಉತ್ತರ ಕೊಟ್ಟ ಹಾಗೆ. "ಹ್ಞೂಂ... ಹೋಗ್ಬನ್ನಿ."

ಕಣ್ಣು ಬಿಟ್ಟಾಗ ನಾಲ್ಕೂ ದೀಪ ಹಸಿರಾಗಿದ್ದವು.

ಬದುಕಿದ ಡಬ್ಬಿಗೆ ಹಳೆಯದೇನೂ ನೆನಪಿರುವುದಿಲ್ಲ. ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಹೊಸದಾಗಿ ಬರೆಯಬೇಕು; ಆಮೇಲಷ್ಟೇ ಕ್ಯಾಮೆರಾ ಬರುವುದು. ಬರೆಯಲು ಕೈ ಎತ್ತಿದ. ಒಂದಕ್ಷರವನ್ನೂ ಒತ್ತಿರಲಿಲ್ಲ. ಮೊಬೈಲ್ ಗುಂಯ್ ಅಂತ ನಡುಗಿತು. ಹೆಂಡತಿಯ ಮೆಸೇಜು.

"ಕ್ಯಾಮೆರಾ ಬಂತು. ಹೇಳಿದ ಹಾಗೆ ಅರ್ಧ ಗಂಟೆನೇ. ಇನ್ನು ಮಲ್ಕೊಳ್ಳಿ."

ಅರ್ಧ ಗಂಟೆ? ಗಡಿಯಾರ ನೋಡಿದ. ಒಂದು ಐದು. ಕ್ಯಾಮೆರಾ ಹೋದದ್ದು ರಾತ್ರಿ ಹತ್ತಕ್ಕೆ. ಮೂರು ಗಂಟೆಯ ಮೇಲಾಗಿದೆ. ಇವಳು ಯಾವ ಅರ್ಧ ಗಂಟೆಯ ಮಾತಾಡುತ್ತಿದ್ದಾಳೆ?

ಮಲಗಲಿಲ್ಲ. ಸ್ಟೂಲನ್ನು ಅತ್ತೆಯ ಮಂಚದ ಪಕ್ಕ ಒಯ್ದು, ಬೆಳಗಿನವರೆಗೂ ಅದರ ಮೇಲೆ ಕೂತ. ಕೆಮ್ಮು ಬಂದಾಗ ಎರಡು ಸಲ ಬೆನ್ನಿಗೆ ಕೈಕೊಟ್ಟು ಎತ್ತಿದ. ನಿಜ ಹೇಳಿಬಿಡಬೇಕು ಅಂತ ತೀರ್ಮಾನ ಮಾಡಿದ. ಅವಳು ಅಣ್ಣನ ಮನೆಗೆ ಹೋದರೆ ಹೋಗಲಿ. ಅವನ ಕೈ ಮಾಡಿದ ತೀರ್ಮಾನಕ್ಕೆ ಅದು ಸಲ್ಲಬೇಕಾದದ್ದೇ.

ಏಳೂವರೆಗೆ ಹೆಂಡತಿ ಬಂದಳು. ಚೀಲ ಇಡಲಿಲ್ಲ, ಚಪ್ಪಲಿ ಬಿಡಲಿಲ್ಲ; ಬಂದವಳೇ ಅವನ ಮುಖ ನೋಡಿ ನಿಂತಳು. ಕಣ್ಣು ಕೆಂಪಾಗಿತ್ತು.

"ನಾನೊಂದು ಮಾತು ಹೇಳ್ಬೇಕು," ಅಂದ ಸ್ಟ್ರೈಕರ್.

"ನಾನು ಮೊದಲು ಹೇಳ್ತೀನಿ. ನಿನ್ನೆ ನೀವು ಅಪ್‌ಡೇಟ್ ಅಂದಾಗ ನಾನು ನಂಬಲಿಲ್ಲ ಕಣ್ರೀ. ಈ ಸ್ಟ್ರೈಕರ್ ಕ್ಯಾಮೆರಾ ಆರಿಸಿ ಓಡಿಹೋಗ್ತಾನೆ ಅಂತಲೇ ಅನ್ಕೊಂಡೆ. ಹತ್ತೂಕಾಲಿಗೆ ನೋಡಿದೆ, ಆಟೋಗೆ ದುಡ್ಡು ಕೈಲಿ ಹಿಡ್ಕೊಂಡೇ ನೋಡಿದೆ. ಕ್ಯಾಮೆರಾ ಇತ್ತು. ನೀವು ಅಮ್ಮನ ಪಕ್ಕ ಸ್ಟೂಲ್ ಮೇಲೆ ಕೂತಿದ್ರಿ."

ಅವನು ತಿರುಗಿ ಸ್ಟೂಲಿನ ಕಡೆ ನೋಡಿದ.

"ಹನ್ನೊಂದಕ್ಕೆ ನೋಡಿದೆ, ಕೂತಿದ್ರಿ. ಅಮ್ಮನ್ನ ಎಡಮಗ್ಗಲಿಗೆ ಹೊರಳಿಸಿ ದಿಂಬು ಕೊಟ್ರಿ. ಅಷ್ಟು ಮೆತ್ತಗೆ ಹೊರಳಿಸೋಕೆ ನಿಮಗೆ ಬರತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಹನ್ನೆರಡಕ್ಕೂ ಕೂತಿದ್ರಿ. ಆಮೇಲೆ ಹನ್ನೆರಡೂವರೆಗೆ ಎದ್ದು ಬಾಗಿಲ ಕಡೆ ಹೋದ್ರಿ, ಕ್ಯಾಮೆರಾ ಹೋಯ್ತು. ಓ, ಈಗ ಅಪ್‌ಡೇಟ್ ಹಾಕ್ತಿದ್ದಾರೆ, ಅಮ್ಮ ಮಲಗಲಿ ಅಂತ ಕಾದಿದ್ರು ಅನ್ಕೊಂಡೆ. ಒಂದು ಗಂಟೆಗೆ ಬಂದೇಬಿಡ್ತು." ಮೂಗು ಒರೆಸಿಕೊಂಡಳು. ಆಮೇಲೆ ನಕ್ಕಳು. "ಆದ್ರೆ ರೀ, ಅಷ್ಟು ಬೆನ್ನು ಬಗ್ಗಿಸಿ ಕೂರ್ಬೇಡಿ. ಹಿಂದಿನಿಂದ ಥೇಟ್ ಅಪ್ಪನ ಹಾಗೇ ಕಾಣ್ತಿದ್ರಿ."

ಸ್ಟ್ರೈಕರ್ ಗೋಡೆ ಹಿಡಿದುಕೊಂಡ.

"ಏನೋ ಹೇಳ್ಬೇಕು ಅಂದ್ರಲ್ಲ?"

"ಏನಿಲ್ಲ," ಅಂದ. "ಟೀ ಮಾಡ್ಲಾ?"

ಅವಳು ಚಪ್ಪಲಿ ಬಿಡಲು ಬಾಗಿಲ ಹತ್ತಿರ ಹೋದಳು. ಅಲ್ಲಿಂದಲೇ ಕೂಗಿದಳು, "ಇದೂ ನಿಮ್ಮ ಕೆಲಸಾನಾ? ಒಳ್ಳೇದೇ ಮಾಡಿದ್ರಿ. ಇನ್ನು ಯಾರೂ ಮರೆತು ಆರಿಸಲ್ಲ."

ಸ್ವಿಚ್ಚು ಹಾಕಿದ ಸ್ಥಿತಿಯಲ್ಲೇ ಅಲ್ಲಾಡದ ಹಾಗೆ, ಅದರ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಕಪ್ಪು ಬಟ್ಟೆ ಟೇಪು ಅಂಟಿತ್ತು.

ಆ ಟೇಪು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಾವನ ಪೆಟ್ಟಿಗೆಯಲ್ಲಿದ್ದ ಕೊನೆಯ ಸುರುಳಿಯನ್ನು ಅವರು ಹೋದಾಗ ಅವರ ಜೇಬಿನಲ್ಲೇ ಇಟ್ಟು ಕಳಿಸಿದ್ದರು, ಅತ್ತೆಯೇ ಇಟ್ಟಿದ್ದರು.

ಸ್ಟ್ರೈಕರ್ ಆಮೇಲೆ ಕೇರಂಗೆ ಬಂದಿಲ್ಲ. ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ಡ್ಯೂಟಿ ಇರುವ ರಾತ್ರಿಗಳಲ್ಲಿ ಹತ್ತಕ್ಕೆ ಸರಿಯಾಗಿ ಆ ಸ್ಟೂಲಿನ ಮೇಲೆ ಕೂರುತ್ತಾನೆ. "ಒಂದು ಸಲ ಅವರು ನನ್ನ ಬದಲು ಕೂತರು. ಎರಡನೇ ಸಲ ಕೂರಿಸೋಕೆ ನನಗೆ ಧೈರ್ಯ ಇಲ್ಲ ಕಣೋ," ಅಂತಾನೆ.

ನೋಡಿ, ನಿಮ್ಮ ಮುಖದಲ್ಲಿ ನಗು ಕಾಣ್ತಿದೆ. ಇವನೇ ಹೋಗಿ ಸ್ಟೂಲಿನ ಮೇಲೆ ಕೂತು, ಇವನೇ ಟೇಪು ಅಂಟಿಸಿರಬೇಕು, ಇವನ ಚೇಷ್ಟೆ ನಮಗೆ ಗೊತ್ತಿಲ್ವಾ, ಅಂತ ತಾನೇ? ಹತ್ತರಿಂದ ಹನ್ನೆರಡೂಕಾಲಿನ ತನಕ ನಾನು ಅವನ ಎದುರಿಗೇ ಕೂತಿದ್ದೆ, ದರ್ಜಿಯನ್ನು ಕೇಳಿ. ಟೇಪು ಈಗಲೂ ಅಲ್ಲೇ ಇದೆ. ಹೋದ ವಾರ ಹೋಗಿ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದೆ. ಅಂಟು ಇನ್ನೂ ಹಸಿ. ಹಲ್ಲಲ್ಲಿ ಹರಿದ ಅಂಚು. ನಟ್ಟನಡುವೆ ಚಿಕ್ಕ ನಾಲಗೆ.

ಬನ್ನಿ, ದೀಪ ಹತ್ತಿರ ತನ್ನಿ. ಆ... ನನಗೆ ಮೂವತ್ತೆರಡೂ ಇವೆ. ಎಣಿಸಿಕೊಳ್ಳಿ.